ಜಿಮ್ ಮುಗಿಸಿದ ಮೇಲೂ ಸುಸ್ತು ಬಿಡುತ್ತಿಲ್ಲವೇ? ಬಿಸಿಲೂರಿನವರು ಚೇತರಿಸಿಕೊಳ್ಳುವ ಬಗೆ

ಜಿಮ್‌ನಿಂದ ಬಂದವರು ಸುಸ್ತು ಎಂದಾಗ ಮೊದಲು ಕೇಳಬೇಕಾದ್ದು ಎಷ್ಟು ಸುಸ್ತು ಅಂತಲ್ಲ, ಯಾವಾಗ ಸುಸ್ತು ಅಂತ. ಕೊನೆಯ ಸೆಟ್ (ನಡುವೆ ನಿಲ್ಲಿಸದೆ ಮಾಡುವ ಒಂದು ಸುತ್ತು) ಮುಗಿದ ಕೂಡಲೇ ಕಣ್ಣಿಗೆ ಕತ್ತಲೆ ಬರುವುದಕ್ಕೂ, ಮನೆಗೆ ಬಂದು ಒಂದೆರಡು ತಾಸಿನ ಮೇಲೆ ತಲೆ ಸಿಡಿಯುವುದಕ್ಕೂ, ಮರುದಿನ ಬೆಳಿಗ್ಗೆ ಹಾಸಿಗೆ ಬಿಟ್ಟು ಏಳಲಾಗದಿರುವುದಕ್ಕೂ, ವಾರಗಟ್ಟಲೆ ಮೈ ಭಾರವಾಗಿಯೇ ಉಳಿಯುವುದಕ್ಕೂ ಕಾರಣ ಬೇರೆ ಬೇರೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಇದರ ಮೇಲೆ ಏಪ್ರಿಲ್–ಮೇ ತಿಂಗಳ 40 ಡಿಗ್ರಿ ದಾಟುವ ಬಿಸಿಲೂ ಸೇರುತ್ತದೆ. ತಂಪು ಊರಿನವರು ಏಸಿ ಜಿಮ್‌ನಲ್ಲಿ ಮಾಡಿದ ವಿಡಿಯೋ ನೋಡಿ ಅದೇ ಲೆಕ್ಕ ಇಲ್ಲಿ ಹಿಡಿದರೆ ಮೈ ಕೇಳುವುದಿಲ್ಲ.

ಜಿಮ್‌ನಲ್ಲೇ ತಲೆ ಸುತ್ತಿದರೆ

ಭಾರದ ಸ್ಕ್ವಾಟ್ (ಬಸ್ಕಿ) ಅಥವಾ ಲೆಗ್ ಪ್ರೆಸ್ (ಕಾಲಿನಿಂದ ಭಾರ ತಳ್ಳುವುದು) ಮುಗಿಸಿ ಧಪ್ಪನೆ ಬೆಂಚಿನ ಮೇಲೆ ಕೂರುವುದೇ ಬಹಳ ಸಲ ಇದಕ್ಕೆ ಕಾರಣ. ಆಗ ಕಾಲಿನ ರಕ್ತನಾಳಗಳು ಅಗಲವಾಗಿ ತೆರೆದಿರುತ್ತವೆ. ಸ್ನಾಯು ಅಲುಗುವುದು ಒಮ್ಮೆಲೇ ನಿಂತರೆ ರಕ್ತ ಕೆಳಗೇ ನಿಲ್ಲುತ್ತದೆ, ತಲೆಗೆ ಸಾಲುವುದಿಲ್ಲ. ಬಿಸಿಲುಗಾಲದಲ್ಲಂತೂ ಮೈ ತಣಿಸಲು ಚರ್ಮಕ್ಕೂ ರಕ್ತ ಹೋಗಬೇಕು, ಹಾಗಾಗಿ ಅದೇ ತೂಕಕ್ಕೆ ಎದೆ ಹೆಚ್ಚು ಬಡಿದುಕೊಳ್ಳುತ್ತದೆ. ಕೊನೆಯ ಸೆಟ್ ಆದ ಮೇಲೆ 5ರಿಂದ 8 ನಿಮಿಷ ನಿಧಾನ ನಡೆಯಿರಿ. 15 ಸೆಕೆಂಡ್ ನಾಡಿ ಎಣಿಸಿ ನಾಲ್ಕರಿಂದ ಗುಣಿಸಿ. 110ರ ಕೆಳಗೆ ಬಂದ ಮೇಲೆ ಕೂತುಕೊಳ್ಳಿ.

ಬೆಳಿಗ್ಗೆ ಐದೂವರೆಗೆ ಖಾಲಿ ಹೊಟ್ಟೆಯಲ್ಲಿ ಬರುವವರು ಅರ್ಧ ತಾಸು ಮುಂಚೆ ಒಂದು ಬಾಳೆಹಣ್ಣು, ಒಂದು ಲೋಟ ನೀರು ತೆಗೆದುಕೊಂಡರೆ ಸಾಕು. ಬೇಸಿಗೆಯಲ್ಲಿ ಆ ಹೊತ್ತೇ ಒಳ್ಳೆಯದು. ಆರ್‌ಸಿಸಿ ಕಟ್ಟಡದ ಮೇಲಿನ ಮಹಡಿಯ ಜಿಮ್ ಸಂಜೆ ಆರಕ್ಕೂ ಹಗಲಿನ ಝಳವನ್ನು ಕಕ್ಕುತ್ತಲೇ ಇರುತ್ತದೆ.

ಮಾರ್ಚ್‌ನಲ್ಲಿ ಬಿಸಿಲು ಏರಿದ ಮೊದಲ ಎರಡು ವಾರ ಸೆಟ್‌ಗಳಲ್ಲಿ ಮೂರನೇ ಒಂದು ಪಾಲು ಕಡಿಮೆ ಮಾಡಿ. ದೇಹ ಬಿಸಿಲಿಗೆ ಒಗ್ಗಲು 7ರಿಂದ 14 ದಿನ ಬೇಕು. ಈ ದಿನಗಳಲ್ಲೇ ರಕ್ತದ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಬರತೊಡಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ತಗ್ಗುತ್ತದೆ.

ಒಂದೆರಡು ತಾಸಿನ ಮೇಲೆ ಬರುವ ಸುಸ್ತು: ನೀರು ಮತ್ತು ಉಪ್ಪು

ನಮ್ಮ ಕಡೆ ಎಲ್ಲಕ್ಕಿಂತ ಹೆಚ್ಚು ಕಾಣುವುದು ಇದೇ, ಸರಿಪಡಿಸುವುದೂ ಇದೇ ಸುಲಭ. ಒಂದು ತೂಕದ ಯಂತ್ರ ಬೇಕು. ಜಿಮ್‌ಗೆ ಮುಂಚೆ ಮೂತ್ರಕ್ಕೆ ಹೋಗಿ ಬಂದು ಕಡಿಮೆ ಬಟ್ಟೆಯಲ್ಲಿ ತೂಗಿಕೊಳ್ಳಿ. ಮುಗಿದ ಮೇಲೆ ಬೆವರು ಒರೆಸಿಕೊಂಡು ಮತ್ತೆ ತೂಗಿಕೊಳ್ಳಿ. ನಡುವೆ ಕುಡಿದ ನೀರನ್ನೂ ಲೆಕ್ಕಕ್ಕೆ ಹಿಡಿಯಿರಿ. 70 ಕೆಜಿ ಇದ್ದವರು 69.3ಕ್ಕೆ ಇಳಿದು, ನಡುವೆ ಅರ್ಧ ಲೀಟರ್ ಕುಡಿದಿದ್ದರೆ, ಹೋದ ಬೆವರು ಸುಮಾರು 1.2 ಲೀಟರ್. ತೂಕದಲ್ಲಿ ಶೇ 2ರಷ್ಟು, ಅಂದರೆ ಇವರಿಗೆ 1.4 ಕೆಜಿ, ಇಳಿಯುವ ಹೊತ್ತಿಗೆ ಕಸುವು ಕುಗ್ಗುವುದು ಕಾಣತೊಡಗುತ್ತದೆ. ಇಳಿದ ಪ್ರತಿ ಕಿಲೋಗೆ ಒಂದೂಕಾಲರಿಂದ ಒಂದೂವರೆ ಲೀಟರ್‌ನಂತೆ ಮುಂದಿನ ಮೂರ್ನಾಲ್ಕು ತಾಸಿನಲ್ಲಿ ಕುಡಿಯಿರಿ.

ಬರೀ ನೀರನ್ನೇ ಒಂದೇ ಗುಟುಕಿಗೆ ಒಂದು ಲೀಟರ್ ಇಳಿಸುವುದು ತಪ್ಪು. ರಕ್ತದಲ್ಲಿ ಉಪ್ಪಿನ ಹದ ತೆಳುವಾಗುತ್ತದೆ, ಬಾಯಾರಿಕೆ ಬೇಗ ಆರುತ್ತದೆ, ಮೂತ್ರಪಿಂಡ ಆ ನೀರನ್ನು ಹೊರಗೆ ಹಾಕಿಬಿಡುತ್ತದೆ. ಲೋಟಗಟ್ಟಲೆ ಕುಡಿದೆ, ಆದರೂ ತಲೆನೋವು ಹೋಗಿಲ್ಲ ಎನ್ನುವವರ ಕಥೆ ಇದು. ಬೆವರಿನ ಉಪ್ಪು ಒಬ್ಬೊಬ್ಬರಿಗೆ ಒಂದೊಂದು ತೆರ, ಆದರೂ ಲೀಟರಿಗೆ ಸುಮಾರು 1 ಗ್ರಾಂ ಸೋಡಿಯಂ, ಅಂದರೆ ಅರ್ಧ ಟೀ ಚಮಚದಷ್ಟು ಉಪ್ಪು ಎಂದು ಹಿಡಿಯಬಹುದು. ಒಣಗಿದ ಬನಿಯನ್ ಮೇಲೆ ಬಿಳಿ ಗೆರೆ ಮೂಡುವವರಿಗೆ ಇನ್ನೂ ಹೆಚ್ಚು ಬೇಕಾಗುತ್ತದೆ.

ಅದಕ್ಕೆ ಮನೆಯಲ್ಲಿರುವ ತೆಳು ಮಜ್ಜಿಗೆಯೇ ಸಾಕು: ಅರ್ಧ ಲೀಟರಿಗೆ ಮಟ್ಟಸ ಕಾಲು ಟೀ ಚಮಚ ಉಪ್ಪು, ಬೇಕಾದರೆ ಜೀರಿಗೆ, ಕೊತ್ತಂಬರಿ. ಮಜ್ಜಿಗೆ ಇಲ್ಲವಾದರೆ ಒಂದು ಲೀಟರ್ ನೀರಿಗೆ ಮಟ್ಟಸ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಒಂದು ನಿಂಬೆಹಣ್ಣು. ಉಪ್ಪು ಕಣ್ಣಳತೆಯಲ್ಲಿ ಹಾಕಬೇಡಿ. ಬಿಪಿ, ಮೂತ್ರಪಿಂಡ ಅಥವಾ ಹೃದಯದ ತೊಂದರೆ ಇದ್ದವರು ಉಪ್ಪಿನ ಮಾತನ್ನು ತಮ್ಮ ಡಾಕ್ಟರ ಹತ್ತಿರ ಕೇಳಿಯೇ ಮಾಡಬೇಕು.

ಸುಸ್ತಾಯಿತೆಂದು ಕ್ಲಿನಿಕ್ಕಿಗೆ ಹೋಗಿ ಗ್ಲೂಕೋಸ್ ಬಾಟ್ಲಿ ಹಚ್ಚಿಸಿಕೊಳ್ಳುವ ರೂಢಿ ಈ ಭಾಗದಲ್ಲಿ ಇನ್ನೂ ಇದೆ. ಶೇ 5ರ ಡೆಕ್ಸ್‌ಟ್ರೋಸ್‌ನ ಅರ್ಧ ಲೀಟರ್ ಬಾಟ್ಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಉಪ್ಪು ಇಲ್ಲ. ಎರಡು ಜೋಳದ ರೊಟ್ಟಿಯಲ್ಲಿ ಅದರ ಮೂರು ಪಟ್ಟು ಪಿಷ್ಟ ಇರುತ್ತದೆ. ವಾಂತಿಯಾಗಿ ಬಾಯಿಂದ ಏನೂ ನಿಲ್ಲದಿದ್ದಾಗ ಬಾಟ್ಲಿ ಬೇಕು, ನುಂಗಲು ಆಗುವವರಿಗೆ ಬೇಡ.

ಮರುದಿನದ ಸುಸ್ತು: ಊಟ

ತೂಕ ಎತ್ತುವಾಗ ಉರಿಯುವುದು ಸ್ನಾಯುವಿನಲ್ಲಿ ಕೂಡಿಟ್ಟ ಪಿಷ್ಟ. ಅದು ಮತ್ತೆ ತುಂಬಲು ಸುಮಾರು ಒಂದು ದಿನ ಹಿಡಿಯುತ್ತದೆ, ಅದೂ ತಿಂದರೆ. ಹೊಟ್ಟೆ ಕರಗಿಸಬೇಕೆಂದು ರೊಟ್ಟಿ, ಅನ್ನ ಎರಡನ್ನೂ ಬಿಟ್ಟು ವಾರಕ್ಕೆ ಆರು ದಿನ ಜಿಮ್ ಮಾಡುವವರು ಮೂರನೇ ವಾರಕ್ಕೆ ಕುಸಿಯುವುದರಲ್ಲಿ ಆಶ್ಚರ್ಯವಿಲ್ಲ. ವ್ಯಾಯಾಮದ ನಂತರದ ಎರಡು ತಾಸಿನೊಳಗೆ ಮೈತೂಕದ ಕಿಲೋಗೆ 1 ಗ್ರಾಂ ಪಿಷ್ಟ ಒಳಗೆ ಹೋಗಲಿ. 60 ಗ್ರಾಂ ಹಿಟ್ಟಿನ ಒಂದು ರೊಟ್ಟಿಯಲ್ಲಿ 40 ಗ್ರಾಂ ಸಿಗುತ್ತದೆ. ಎರಡು ರೊಟ್ಟಿ ಉಂಡರೆ 70 ಕೆಜಿಯವರ ಲೆಕ್ಕ ಮುಗಿಯಿತು.

ಪ್ರೋಟೀನ್ ದಿನಕ್ಕೆ ಕಿಲೋಗೆ 1.6 ಗ್ರಾಂ, ಅಂದರೆ ಇವರಿಗೆ 112 ಗ್ರಾಂ. ನಾಲ್ಕು ಹೊತ್ತಿಗೆ ಹಂಚಿದರೆ 28ರಂತೆ. ಎಡವುವುದು ನಾಷ್ಟಾದಲ್ಲಿ. ಜಿಮ್‌ನಿಂದ ನೇರ ಬಂಡಿಗೆ ಹೋಗಿ ಒಂದು ಪ್ಲೇಟ್ ಮಂಡಕ್ಕಿ ಒಗ್ಗರಣೆ, ಎರಡು ಮಿರ್ಚಿ ಭಜಿ ತಿಂದರೆ ಹೊಟ್ಟೆ ತುಂಬುತ್ತದೆ, ಪ್ರೋಟೀನ್ ಮಾತ್ರ 10 ಗ್ರಾಂ ಆಸುಪಾಸು. ಒಗ್ಗರಣೆ ಬಿಡಿ ಎಂದು ಹೇಳುವ ಮನಸ್ಸಿಲ್ಲ. ಮಿರ್ಚಿ ಬಿಟ್ಟು ಎರಡು ಬೇಯಿಸಿದ ಮೊಟ್ಟೆ, ಒಂದು ದೊಡ್ಡ ಲೋಟ ಹಾಲು ಸೇರಿಸಿ; ಮೊಟ್ಟೆಗೆ 6, ಕಾಲು ಲೀಟರ್ ಹಾಲಿಗೆ 8 ಗ್ರಾಂ. ಮೊಟ್ಟೆ ತಿನ್ನದವರಿಗೆ 50 ಗ್ರಾಂ ಪುಟಾಣಿಯಲ್ಲಿ (ಹುರಿಗಡಲೆಯಲ್ಲಿ) 10 ಗ್ರಾಂ ಸಿಗುತ್ತದೆ.

ಮಧ್ಯಾಹ್ನದ ಊಟ ನಮ್ಮಲ್ಲಿ ಒಳ್ಳೆಯದೇ ಇದೆ, ಪ್ರಮಾಣ ಸರಿಮಾಡಿದರೆ ಆಯಿತು. ಎರಡು ರೊಟ್ಟಿಗೆ 12 ಗ್ರಾಂ ಪ್ರೋಟೀನ್, ಒಣತೂಕ 40 ಗ್ರಾಂ ಮಡಕಿ ಅಥವಾ ಹೆಸರುಕಾಳಿನ ಪಲ್ಯಕ್ಕೆ 9, 150 ಗ್ರಾಂ ಗಟ್ಟಿ ಮೊಸರಿಗೆ 5, 20 ಗ್ರಾಂ ಶೇಂಗಾ ಚಟ್ನಿಪುಡಿಗೆ 4–5. ಒಟ್ಟು 30 ಗ್ರಾಂ. ಗಂಗಾವತಿ, ಸಿಂಧನೂರು ಕಡೆಯ ಅನ್ನದ ಊಟದಲ್ಲಿ ಸಾರು ತೆಳುವಾಗಿ ಅನ್ನ ಗುಡ್ಡೆಯಾಗಿ ಬೀಳುತ್ತದೆ. ಅಲ್ಲಿ ಬೇಳೆ ಗಟ್ಟಿಯಾಗಲಿ, ಜೊತೆಗೆ ಕಾಳು ಅಥವಾ 100 ಗ್ರಾಂ ಕೋಳಿ ಇರಲಿ. ಇಷ್ಟಾದರೂ ಕೊರತೆ ಬಿದ್ದರೆ ವೇ ಪುಡಿ (ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ) ಒಂದು ಸ್ಕೂಪ್ ಸಾಕು. ಊಟ ಹಳಿಗೆ ಬಾರದೆ ಡಬ್ಬಿ ತಂದರೆ ದುಡ್ಡು ದಂಡ.

ನಿದ್ದೆ

ಸ್ನಾಯು ರಿಪೇರಿಗೆ 7ರಿಂದ 9 ತಾಸಿನ ನಿದ್ದೆ ಬೇಕು. ಬೇಸಿಗೆಯಲ್ಲಿ ಇಲ್ಲಿ ನಿದ್ದೆ ಕೆಡಿಸುವುದು ಮಾಳಿಗೆ: ಹಗಲೆಲ್ಲ ಕಾದ ಸ್ಲ್ಯಾಬ್ ನಡುರಾತ್ರಿಯವರೆಗೂ ಕೋಣೆಗೆ ಶಾಖ ಬಿಡುತ್ತದೆ. ಸೊಳ್ಳೆಪರದೆ ಕಟ್ಟಿ ಮಾಳಿಗೆಯ ಮೇಲೇ ಮಲಗುವ ಹಳೆಯ ರೂಢಿ ಸರಿಯಾಗಿಯೇ ಇದೆ. ಕೂಲರ್ ಇದ್ದವರು ಕಿಟಕಿ ಒಂದನ್ನು ತೆರೆದಿಡಬೇಕು. ಮುಚ್ಚಿದ ಕೋಣೆಯಲ್ಲಿ ತೇವ ಕೂಡಿ, ಅರ್ಧ ತಾಸಿನ ಮೇಲೆ ಕೂಲರ್ ತಣಿಸುವುದೇ ಇಲ್ಲ.

ಸಂಜೆ ಆರಕ್ಕೆ ಪ್ರೀ-ವರ್ಕೌಟ್ ಪುಡಿ (ವ್ಯಾಯಾಮಕ್ಕೆ ಮುಂಚೆ ಹುರುಪಿಗೆಂದು ಕುಡಿಯುವುದು) ಹಾಕಿಕೊಂಡವರಿಗೆ ರಾತ್ರಿ ಹನ್ನೊಂದಕ್ಕೂ ಅದರ ಕೆಫೀನ್ ಅರ್ಧದಷ್ಟು ರಕ್ತದಲ್ಲೇ ಇರುತ್ತದೆ. ಕೆಲವು ಪುಡಿಗಳ ಒಂದು ಸ್ಕೂಪ್‌ನಲ್ಲಿ 200 ಮಿಲಿಗ್ರಾಂಗೂ ಹೆಚ್ಚು ಇರುವುದರಿಂದ ಲೇಬಲ್ ಓದಿ. ಮಧ್ಯಾಹ್ನ ಎರಡರ ನಂತರ ಬೇಡ.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಶಕ್ತಿನಗರದ ವಿದ್ಯುತ್ ಸ್ಥಾವರದಂಥ ಕಡೆ ನೈಟ್ ಶಿಫ್ಟ್ ಮಾಡುವವರು ಡ್ಯೂಟಿ ಮುಗಿಸಿ ನೇರ ಜಿಮ್‌ಗೆ ಹೋಗಬೇಡಿ. ಮನೆಗೆ ಬಂದು ಕೋಣೆ ಕತ್ತಲು ಮಾಡಿ ಮಲಗಿ, ಎದ್ದು ಉಂಡ ಮೇಲೆ ವ್ಯಾಯಾಮ ಮಾಡಿ. ರೈಸ್‌ಮಿಲ್‌ನಲ್ಲಿ ಮೂಟೆ ಹೊರುವವರ ಬೆನ್ನು, ಕಾಲು ಕೆಲಸದಲ್ಲೇ ದಣಿದಿರುತ್ತವೆ. ಅವರಿಗೆ ವಾರಕ್ಕೆ ಎರಡು, ಹೆಚ್ಚೆಂದರೆ ಮೂರು ದಿನ ಸಾಕು.

ವಾರಗಟ್ಟಲೆ ಉಳಿಯುವ ಸುಸ್ತು

ಊಟ, ನೀರು, ನಿದ್ದೆ ಸರಿಯಿದ್ದೂ ಮೈ ಏಳದಿದ್ದರೆ ವ್ಯಾಯಾಮದ ಪಟ್ಟಿ ನೋಡಿ. ಹೊಸಬರಿಗೆ ಒಂದು ಸ್ನಾಯುವಿಗೆ ವಾರಕ್ಕೆ 6ರಿಂದ 10 ಸೆಟ್, ಹಳಬರಿಗೆ 10ರಿಂದ 15 ಸಾಕು. ಒಂದೇ ಸ್ನಾಯುವಿಗೆ 48 ತಾಸು ಬಿಡುವು ಕೊಡಿ. ಪ್ರತಿ ಸೆಟ್‌ನಲ್ಲೂ ಕೈ ಬೀಳುವ ತನಕ ಎಳೆಯದೆ ಎರಡು ರೆಪ್ಸ್ ಉಳಿಸಿ, ಅಂದರೆ ಇನ್ನೆರಡು ಸಲ ಎತ್ತಬಹುದು ಎನ್ನುವಾಗಲೇ ನಿಲ್ಲಿಸಿ. ಐದಾರು ವಾರಕ್ಕೊಮ್ಮೆ ತೂಕ ಹಾಗೇ ಇಟ್ಟು ಸೆಟ್ ಅರ್ಧ ಮಾಡಿ. ಬೆಳಿಗ್ಗೆ ಏಳುವ ಮುನ್ನ ನಾಡಿ ಎಣಿಸಿ ಬರೆದಿಡಿ. ಎಂದಿಗಿಂತ ಏಳೆಂಟು ಬಡಿತ ಹೆಚ್ಚು ಎರಡು ಮೂರು ದಿನ ಸತತ ಕಂಡರೆ ಆ ವಾರ ಹಗುರ ಮಾಡಿ.

ಹೀಗೆ ಮಾಡಿಯೂ ಮೂರು ವಾರದಲ್ಲಿ ಸುಧಾರಿಸದಿದ್ದರೆ ರಕ್ತ ಪರೀಕ್ಷೆ ಮಾಡಿಸಿ: ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಬಿ12, ವಿಟಮಿನ್ ಡಿ, ಥೈರಾಯ್ಡ್, ಸಕ್ಕರೆ. ಹಿಮೋಗ್ಲೋಬಿನ್ ಗಂಡಸರಲ್ಲಿ 13, ಹೆಂಗಸರಲ್ಲಿ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಮುಟ್ಟಿನಲ್ಲಿ ಹೆಚ್ಚು ಸ್ರಾವವಾಗುವ ಹೆಣ್ಣುಮಕ್ಕಳು ಇದನ್ನು ಮೊದಲೇ ನೋಡಿಸಿಕೊಳ್ಳಬೇಕು. ಊಟದ ಜೊತೆ ಚಹಾ ಕುಡಿದರೆ ಕಬ್ಬಿಣದಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ, ಒಂದು ತಾಸು ಬಿಡಿ. ಕಾಳುಪಲ್ಯಕ್ಕೆ ನಿಂಬೆ ಹಿಂಡಿ.

ಮೈಕೈ ನೋವು, ಮತ್ತು ಆಸ್ಪತ್ರೆಗೆ ಓಡಬೇಕಾದ ಹೊತ್ತು

ಹೊಸ ವ್ಯಾಯಾಮದ ನಂತರದ ನೋವು 24ರಿಂದ 72 ತಾಸಿನ ನಡುವೆ ಹೆಚ್ಚಿರುತ್ತದೆ. ಲ್ಯಾಕ್ಟಿಕ್ ಆಸಿಡ್ ಕೂಡಿದ್ದರಿಂದ ಈ ನೋವು ಬರುವುದಿಲ್ಲ, ಆ ಆಸಿಡ್ ಒಂದೆರಡು ತಾಸಿನಲ್ಲೇ ಹೋಗಿರುತ್ತದೆ. ಭಾರ ಇಳಿಸುವಾಗ ಸ್ನಾಯುವಿನ ಎಳೆಗಳಿಗೆ ಆದ ಸಣ್ಣ ಪೆಟ್ಟು ಇದು. 20 ನಿಮಿಷ ನಡಿಗೆ, ಹಗುರ ಸೈಕಲ್ ಸಾಕು. ಬೆವರು ಸುರಿದು ನೀರು ಕಡಿಮೆಯಾದ ಮೈಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗೆ ನುಂಗಬೇಡಿ, ಮೂತ್ರಪಿಂಡಕ್ಕೆ ಏಟು.

ಮೂತ್ರ ಕೋಲಾ ಅಥವಾ ಕಡು ಚಹಾದ ಬಣ್ಣಕ್ಕೆ ತಿರುಗಿ, ತೊಡೆ ಅಥವಾ ತೋಳು ಬಾತು, ಕಸುವೇ ಇಲ್ಲದಂತಾದರೆ ಸ್ನಾಯು ಒಡೆದು ರಕ್ತಕ್ಕೆ ಸೇರುತ್ತಿದೆ ಎಂದು ತಿಳಿದು ಅದೇ ದಿನ ಆಸ್ಪತ್ರೆಗೆ ಹೋಗಿ. ಮೊದಲ ದಿನವೇ ಹುಮ್ಮಸ್ಸಿನಲ್ಲಿ ನೂರಾರು ಬಸ್ಕಿ ಹೊಡೆದವರಿಗೆ ಇದು ಆಗುತ್ತದೆ. ಎದೆ ಹಿಡಿದಂತಾದರೆ, ಪ್ರಜ್ಞೆ ತಪ್ಪಿದರೆ ತಡಮಾಡಬೇಡಿ. ಬಿಸಿಲುಗಾಲದಲ್ಲಿ ಜೊತೆಗಾರ ಬೆಂಕಿಯಂತೆ ಮೈ ಸುಡುತ್ತಾ ಅಸಂಬದ್ಧ ಮಾತಾಡತೊಡಗಿದರೆ 108ಕ್ಕೆ ಕರೆಮಾಡಿ, ನೆರಳಿಗೆ ಎಳೆದು ಬಟ್ಟೆ ಸಡಿಲಿಸಿ, ಗಾಡಿ ಬರುವ ತನಕ ಕೊಡಗಟ್ಟಲೆ ತಣ್ಣೀರು ಸುರಿಯುತ್ತಾ ಗಾಳಿ ಹಾಕುತ್ತಿರಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ.