ವಿಮಾನ ಎಷ್ಟು ಹೊತ್ತು ಹಾರುತ್ತದೆ? ಮನೆಯಲ್ಲೇ ಲೆಕ್ಕ ಹಾಕಿ

ದುಬೈನಲ್ಲಿ ಕೆಲಸದಲ್ಲಿರುವ ಅಣ್ಣ ಹೋದ ಸಲ ರಜೆ ಮುಗಿಸಿ ಹೊರಟಾಗ, ಟಿಕೆಟ್‌ನಲ್ಲಿ ಬೆಳಿಗ್ಗೆ 10ಕ್ಕೆ ಹೊರಟು 12.30ಕ್ಕೆ ತಲುಪುತ್ತದೆ ಎಂದಿತ್ತು. ಚಿಕ್ಕಬಳ್ಳಾಪುರದ ಮನೆಯಲ್ಲಿ ಅಮ್ಮ ಹನ್ನೆರಡೂವರೆಗೇ ಫೋನ್ ಹಿಡಿದು ಕೂತರು. ಫೋನ್ ಬಂದಿದ್ದು ಎರಡು ಗಂಟೆ ದಾಟಿದ ಮೇಲೆ. ಅಷ್ಟು ಹೊತ್ತು ಅವರು ಊಟ ಮುಟ್ಟಲಿಲ್ಲ. ಈ ಲೆಕ್ಕ ಗೊತ್ತಿದ್ದರೆ ಆ ಸಂಕಟ ಇರುತ್ತಿರಲಿಲ್ಲ.

ಮೊದಲು ದೂರ ಹಿಡಿಯಿರಿ. ರಸ್ತೆ ದೂರವನ್ನು ಇಲ್ಲಿ ಮರೆತುಬಿಡಿ. ನಮ್ಮೂರಿನ ಮೇಲೆ ಹಾಯುವ ರಾಷ್ಟ್ರೀಯ ಹೆದ್ದಾರಿ 44 ದೆಹಲಿಗೂ ಹೋಗುತ್ತದೆ. ಬೆಂಗಳೂರಿನಿಂದ ದೆಹಲಿಗೆ ರಸ್ತೆಯಲ್ಲಿ 2,100 ಕಿ.ಮೀ.ಗೂ ಜಾಸ್ತಿ. ಆಕಾಶದಲ್ಲಿ ಎಷ್ಟು? ದೆಹಲಿ ಇರುವುದು ನಮಗೆ ಹೆಚ್ಚೂಕಡಿಮೆ ನೇರ ಉತ್ತರಕ್ಕೆ. ದೇವನಹಳ್ಳಿಯ ವಿಮಾನ ನಿಲ್ದಾಣ 13.2 ಡಿಗ್ರಿ ಅಕ್ಷಾಂಶದಲ್ಲಿದೆ, ದೆಹಲಿಯದು 28.5ರಲ್ಲಿ. ಒಂದು ಡಿಗ್ರಿಗೆ 111 ಕಿ.ಮೀ. 15.3ನ್ನು 111ರಿಂದ ಗುಣಿಸಿ. ಸುಮಾರು 1,700 ಕಿ.ಮೀ. ಬಂತು, ಅಲ್ವಾ? ಮಕ್ಕಳ ಕೈಲಿ ಈ ಲೆಕ್ಕ ಮಾಡಿಸಿ, ಅಟ್ಲಾಸ್‌ನ ಗೆರೆಗಳು ಯಾಕಿವೆ ಎಂದು ಅವರಿಗೆ ಆಗ ತಿಳಿಯುತ್ತದೆ.

ಊರು ಓರೆಯಾಗಿದ್ದರೆ ಈ ಉಪಾಯ ನಡೆಯದು. ಆಗ ಗೂಗಲ್ ಮ್ಯಾಪ್‌ನಲ್ಲಿ ವಿಮಾನ ನಿಲ್ದಾಣದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಪಿನ್ ಬಿದ್ದ ಮೇಲೆ ‘ಮೆಷರ್ ಡಿಸ್ಟೆನ್ಸ್’ ಆರಿಸಿ, ನಕ್ಷೆಯನ್ನು ಇನ್ನೊಂದು ಊರಿಗೆ ಎಳೆಯಿರಿ. ದುಬೈಗೆ ಸುಮಾರು 2,700 ಕಿ.ಮೀ. ತೋರಿಸುತ್ತದೆ.

ಇನ್ನು ಸಮಯ. ಜೆಟ್ ವಿಮಾನ ಮೇಲೇರಿದ ಮೇಲೆ ಗಂಟೆಗೆ 800ರಿಂದ 900 ಕಿ.ಮೀ. ಹೋಗುತ್ತದೆ. ದೂರವನ್ನು 800ರಿಂದ ಭಾಗಿಸಿ. ರನ್‌ವೇವರೆಗೆ ಸಾಗಲು, ಏರಲು, ಇಳಿಯಲು 40 ನಿಮಿಷ ಸೇರಿಸಿ. ದೆಹಲಿಗೆ ಎರಡು ಮುಕ್ಕಾಲು ಗಂಟೆ, ದುಬೈಗೆ ನಾಲ್ಕು ಗಂಟೆ. ಚಳಿಗಾಲದಲ್ಲಿ ಮೇಲೆ ಪಡುವಣ ಗಾಳಿ ಜೋರಾಗಿರುವುದರಿಂದ ದುಬೈನಿಂದ ವಾಪಸ್ ಬರುವಾಗ ಸ್ವಲ್ಪ ಬೇಗ ಬರುತ್ತಾರೆ.

ಅಮ್ಮ ಎಡವಿದ್ದು ಗಡಿಯಾರದಲ್ಲಿ. ಟಿಕೆಟ್‌ನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ಇಳಿಯುವ ಹೊತ್ತು ಇಳಿಯುವ ಊರಿನದು. ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದಿದೆ. ಅಲ್ಲಿ 12.30 ಆದಾಗ ಇಲ್ಲಿ ಮಧ್ಯಾಹ್ನ 2. ಹತ್ತರಿಂದ ಎರಡು, ಸರಿಯಾಗಿ ನಾಲ್ಕು ಗಂಟೆ.

ಕೊನೆಗೆ ಮನೆಯಿಂದ ಹೊರಡುವ ಹೊತ್ತು. ಚಿಕ್ಕಬಳ್ಳಾಪುರದಿಂದ ನಿಲ್ದಾಣಕ್ಕೆ ಸುಮಾರು 30 ಕಿ.ಮೀ. ದೇಶದೊಳಗಿನ ಪ್ರಯಾಣಕ್ಕೆ ಎರಡು ಗಂಟೆ, ವಿದೇಶಕ್ಕೆ ಮೂರು ಗಂಟೆ ಮುಂಚೆ ಅಲ್ಲಿರಬೇಕು. ದಾರಿಗೆ ಒಂದು ಗಂಟೆ ಇಟ್ಟುಕೊಳ್ಳಿ. ಭಾನುವಾರ ಬೆಳಿಗ್ಗೆ ನಂದಿಬೆಟ್ಟದಿಂದ ಬೆಂಗಳೂರಿಗೆ ಮರಳುವವರ ವಾಹನ ಜಾಸ್ತಿ, ಇನ್ನೂ ಬೇಗ ಹೊರಡಿ. ಟರ್ಮಿನಲ್ 1ಓ 2ಓ ಎಂದು ಟಿಕೆಟ್ ನೋಡಿಕೊಳ್ಳಿ. ಡಿಸೆಂಬರ್, ಜನವರಿಯಲ್ಲಿ ದೇವನಹಳ್ಳಿ ಕಡೆ ಮುಂಜಾನೆ ಮಂಜು ಕವಿದು ವಿಮಾನ ತಡವಾಗುವುದುಂಟು.

ವಿದೇಶದಿಂದ ಬರುವವರನ್ನು ಕರೆತರಲು ಹೋಗುವವರು ಸುಮ್ನೆ ಮುಂಚೆ ಹೋಗಿ ನಿಲ್ಲಬೇಕಿಲ್ಲ. ಇಳಿದವರು ಪಾಸ್‌ಪೋರ್ಟ್ ತಪಾಸಣೆ ಮುಗಿಸಿ, ಬ್ಯಾಗ್ ಎತ್ತಿಕೊಂಡು ಹೊರಬರಲು ಹೊತ್ತು ಹಿಡಿಯುತ್ತದೆ. ಈಗ ವಿಮಾನ ಇಳಿಯಿತು ಎಂದು ಫೋನ್‌ನಲ್ಲಿ ಕಂಡ ಮೇಲೆಯೇ ಅಮ್ಮ ಚಪ್ಪಲಿ ಮೆಟ್ಟುತ್ತಾರೆ.