ಹೊಂಡ ತೋಡಿದ್ದು ಎರಡೇ ದಿನ, ಕಾಗದಕ್ಕೆ ಏಳು ತಿಂಗಳು

ನಮ್ಮದು ಪಾವಗಡ ತಾಲ್ಲೂಕು. ಕಡಲೆಕಾಯಿ ಬಿತ್ತಿ ಆಕಾಶ ನೋಡುವ ಜಾಗ. ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಲದಲ್ಲೇ ಮಳೆನೀರು ಹಿಡಿಯೋ ಹೊಂಡ ಮಾಡಿಸೋಣ ಅಂತ ರೈತ ಸಂಪರ್ಕ ಕೇಂದ್ರಕ್ಕೆ ಹೋದೆ. 2014ರಲ್ಲಿ ಶುರುವಾದ ಯೋಜನೆ, ನಡುವೆ ನಿಂತು 2023-24ರಲ್ಲಿ ಮತ್ತೆ ಬಂದಿತ್ತು. ಸಾಮಾನ್ಯ ವರ್ಗಕ್ಕೆ ಶೇ. 80, ಪರಿಶಿಷ್ಟರಿಗೆ ಶೇ. 90 ಸಹಾಯಧನ. ಆಧಾರ್, ಪಾಸ್‌ಬುಕ್ ಎಲ್ಲ ಜೋಡಿಸಿಕೊಂಡೇ ಹೋಗಿದ್ದೆ.

ಅಲ್ಲಿ ಕೇಳಿದ್ದು ಒಂದೇ ಮಾತು: 'ಪಹಣಿ ಯಾರ ಹೆಸರಲ್ಲಿದೆ?'

ಅಜ್ಜನ ಹೆಸರಲ್ಲಿತ್ತು. ಅಜ್ಜ ಹೋಗಿ ಹನ್ನೊಂದು ವರ್ಷ. ಉಳುವವನು ನಾನೇ ಆದರೂ ನನ್ನ ಹೆಸರಲ್ಲಿ ಸರ್ವೆ ನಂಬರ್ ಇಲ್ಲ ಅಂದಮೇಲೆ ಫ್ರೂಟ್ಸ್‌ನಲ್ಲಿ, ಅಂದರೆ ಸರ್ಕಾರದ ರೈತರ ನೋಂದಣಿ ತಂತ್ರಾಂಶದಲ್ಲಿ, ನನ್ನ ಎಫ್‌ಐಡಿಗೆ (ರೈತನ ಗುರುತಿನ ಸಂಖ್ಯೆಗೆ) ಜಮೀನು ಸೇರಲ್ಲ. ಅದು ಸೇರದೆ ಅರ್ಜಿಯೇ ಇಲ್ಲ. ಸರಿ, ಪೌತಿ ಖಾತೆಗೆ, ಅಂದರೆ ತೀರಿಹೋದವರ ಜಮೀನನ್ನ ವಾರಸುದಾರರ ಹೆಸರಿಗೆ ಮಾಡಿಸೋದಕ್ಕೆ, ಓಡಾಟ. ಮರಣ ಪತ್ರ, ವಂಶವೃಕ್ಷ, ವಾರಸುದಾರರ ಒಪ್ಪಿಗೆ. ಅಪ್ಪನೂ ಇಲ್ಲ. ಇಬ್ಬರು ಅತ್ತೆಯರಿದ್ದಾರೆ, ದೊಡ್ಡತ್ತೆ ಹಿಂದೂಪುರದಲ್ಲಿ. ಕಾಗದ ಹಿಡಿದು ಹೋದರೆ ಕನ್ನಡಕ ಹಾಕಿಕೊಂಡು ಕೇಳಿದರು, 'ಇದು ಹೊಂಡಕ್ಕೆ ಸಹಿನಾ, ಹೊಲಕ್ಕೆ ಸಹಿನಾ?' ಕೇಳಿದ್ದರಲ್ಲಿ ತಪ್ಪೇನಿಲ್ಲ, ಅಲ್ವಾ? ಅವರಿಗೂ ಹಕ್ಕಿದೆ. ಎರಡು ಸಲ ಊಟ, ಒಂದು ಸಲ ಜಗಳ, ಆಮೇಲೆ ಸಹಿ. ಖಾತೆ ಆಗೋ ಹೊತ್ತಿಗೆ ಏಳು ತಿಂಗಳು ಕಳೆದಿತ್ತು.

ಉಳಿದದ್ದು ಬೇಗ ಆಯಿತು. ಒಂದು ಎಚ್ಚರ ಮಾತ್ರ: ಆದೇಶ ಬರೋ ಮುಂಚೆ ಅಗೆಯಬೇಡಿ. ಖಾಲಿ ಹೊಲದ್ದೇ ಮೊದಲು ಜಿಪಿಎಸ್ ಫೋಟೋ ತೆಗೀತಾರೆ. ನನ್ನದು 15 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳ. ಬದಿಯ ಇಳಿಜಾರು ಕಳೆದರೆ ಹೆಚ್ಚೂಕಮ್ಮಿ 4.4 ಲಕ್ಷ ಲೀಟರ್. ಜೆಸಿಬಿ ಎರಡು ದಿನದಲ್ಲಿ ಮುಗಿಸಿತು. ಜೆಸಿಬಿಯವನು ಸಬ್ಸಿಡಿ ಬರಲಿ ಅಂತ ಕಾಯಲ್ಲ, ಬಾಡಿಗೆ ಕೈಯಿಂದ ಕೊಟ್ಟೆ. ನೀರು ಇಂಗದಂತೆ ಟಾರ್ಪಾಲ್ ಹಾಳೆ ಹಾಸುವ ಮುಂಚೆ ನಾನೂ ಹೆಂಡತಿಯೂ ಬರಿಗಾಲಲ್ಲಿ ಹೊಂಡಕ್ಕೆ ಇಳಿದು, ಕಾಲಿಗೆ ಚುಚ್ಚಿದ ಕಲ್ಲು, ಬೇರಿನ ಚೂರು ಎಲ್ಲ ಹೆಕ್ಕಿದೆವು. ಕಾಲಿಗೆ ಚುಚ್ಚಿದ್ದು ಹಾಳೆಗೂ ಚುಚ್ಚುತ್ತೆ. ಸುತ್ತ ತಂತಿಬೇಲಿಯೂ ಆಯಿತು. ಆ ನುಣುಪು ಹಾಳೆಯ ಮೇಲೆ ಜಾರಿದರೆ ದೊಡ್ಡವರೇ ಹತ್ತಿ ಬರೋದು ಕಷ್ಟ, ಮಕ್ಕಳಿರೋ ಮನೆಯವರು ಬೇಲಿ ಬಿಡಬೇಡಿ.

ದುಡ್ಡಿನದು ಇನ್ನೊಂದು ಕಥೆ. 'ಜಮಾ ಆಗಿದೆ' ಅಂತಾರೆ, ನಾನು ಕೊಟ್ಟ ಪಾಸ್‌ಬುಕ್ಕಿನಲ್ಲಿ ಇಲ್ಲ. ಮೂರು ವಾರ ಸುಮ್ನೆ ಬ್ಯಾಂಕಿಗೂ ಕಚೇರಿಗೂ ಅಲೆದೆ. ಸಹಾಯಧನ ಹೋಗೋದು ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ. ನನ್ನದು ಗ್ಯಾಸ್ ಸಬ್ಸಿಡಿಗೆ ಅಂತ ಎಂದೋ ಮಾಡಿಸಿ ಮರೆತಿದ್ದ ಖಾತೆ. ದುಡ್ಡು ಅಲ್ಲಿ ತಣ್ಣಗೆ ಕೂತಿತ್ತು. ಅರ್ಜಿ ಹಾಕೋ ಮುಂಚೆ ಯಾವ ಖಾತೆ ಜೋಡಣೆಯಾಗಿದೆ ಅಂತ ಬ್ಯಾಂಕಿನಲ್ಲಿ ಕೇಳಿಬಿಡಿ, ಐದು ನಿಮಿಷದ ಕೆಲಸ.

ಆ ವರ್ಷ ಕಾಯಿ ಕಟ್ಟೋ ಹೊತ್ತಿಗೆ ಮಳೆ ಕೈಕೊಟ್ಟಿತು. ಹೊಂಡದಿಂದ ಸ್ಪ್ರಿಂಕ್ಲರ್‌ನಲ್ಲಿ ಎರಡು ಸಲ ನೀರು ಕೊಟ್ಟೆ, ಇಡೀ ಹೊಲಕ್ಕಲ್ಲ, ಒಂದೂವರೆ ಎಕರೆಗೆ. ಆ ತುಂಡಿನ ಕಾಯಿ ಗಟ್ಟಿ ಇತ್ತು, ಉಳಿದದ್ದು ಜೊಳ್ಳು. ದೊಡ್ಡತ್ತೆಗೆ ಗಟ್ಟಿ ಕಾಯಿಯ ಒಂದು ಚೀಲ ಕಳಿಸಿದೆ. ಫೋನಿನಲ್ಲಿ ಕೇಳಿದರು, 'ಇದು ಹೊಂಡದ್ದಾ, ಹೊಲದ್ದಾ?'