ಮೊದಲು ಫೋನ್ ಮಗುಚಿಡಿಸಿ

ವಿದೇಶಕ್ಕೆ ಹೊರಟ ವಿದ್ಯಾರ್ಥಿಗಳಿಗೂ ಸಿಬ್ಬಂದಿಗೂ ಸುರಕ್ಷತಾ ತರಬೇತಿ ಕೊಡುವ ಕೆಲಸ ನಿಮ್ಮ ಹೆಗಲಿಗೆ ಬಿದ್ದಿದೆಯಾ? ಹಾಗಾದರೆ ಮೊದಲು ಪ್ರೊಜೆಕ್ಟರ್ ಆಫ್ ಮಾಡಿ. ನಾನೂ ಶುರುವಿನಲ್ಲಿ 40 ಸ್ಲೈಡ್ ತೋರಿಸುತ್ತಿದ್ದೆ. ಎಲ್ಲರೂ ತಲೆಯಾಡಿಸಿ, ಹಾಜರಿ ಸಹಿ ಹಾಕಿ ಎದ್ದು ಹೋಗುತ್ತಿದ್ದರು. ಅಷ್ಟೇ.

ಈಗ ಎಲ್ಲರ ಫೋನನ್ನೂ ಮೇಜಿನ ಮೇಲೆ ಮಗುಚಿಡಿಸುತ್ತೇನೆ. ಒಂದೊಂದು ಖಾಲಿ ಚೀಟಿ ಕೊಡುತ್ತೇನೆ. 'ಫೋನ್ ಕಳೆದುಹೋಗಿದೆ. ಮನೆಯವರ ನಂಬರ್, ನಮ್ಮ ವಿಶ್ವವಿದ್ಯಾಲಯದ ತುರ್ತು ನಂಬರ್, ಹೋಗುವ ದೇಶದ ತುರ್ತು ನಂಬರ್, ಉಳಿಯುವ ಜಾಗದ ವಿಳಾಸ ಬರೆಯಿರಿ.' ಹೆಚ್ಚಿನವರ ಪೆನ್ನು ಮೊದಲ ಸಾಲಿನಲ್ಲೇ ನಿಲ್ಲುತ್ತದೆ.

ನಗುವ ಹಾಗಿಲ್ಲ, ನನಗೂ ಹೀಗೇ ಆಗಿತ್ತು. ಒಂದು ರಾತ್ರಿ ಪರದೇಶದ ರೈಲಿನ ಸೀಟಿನಲ್ಲಿ ಫೋನ್ ಬಿಟ್ಟು ಇಳಿದುಬಿಟ್ಟೆ. ಹೋಗಬೇಕಾದ ವಿಳಾಸವೂ ಅದರೊಳಗೇ. 'ಯಾರಿಗೆ ಫೋನ್ ಮಾಡಲಿ?' ಅಂತ ಕೌಂಟರಿನವರು ಕೇಳಿದರೆ, ನೆನಪಾಗಿದ್ದು ಒಂದೇ ನಂಬರ್. ಎಷ್ಟೋ ವರ್ಷದ ಹಿಂದೆ ಕಡಿದುಹಾಕಿಸಿದ್ದ ನಮ್ಮ ಮನೆಯ ಲ್ಯಾಂಡ್‌ಲೈನ್!

ಹಾಗಾಗಿ ಚೀಟಿಯನ್ನು ಅಲ್ಲೇ ತುಂಬಿಸಿ. ಐರೋಪ್ಯ ಒಕ್ಕೂಟದ ಎಲ್ಲ ದೇಶಗಳಲ್ಲೂ 112. ಅಮೆರಿಕ, ಕೆನಡಾದಲ್ಲಿ 911. ಬ್ರಿಟನ್ನಿನಲ್ಲಿ 999, ಆಸ್ಟ್ರೇಲಿಯಾದಲ್ಲಿ 000. ಮನೆಯವರ ನಂಬರಿಗೆ ದೇಶದ ಕೋಡ್ ಸೇರಿಸಿಯೇ ಬರೆಸಿ.

ಆಮೇಲೆ ರಸ್ತೆ. ಜನಕ್ಕೆ ಬಾಂಬು, ಅಪಹರಣದ ಕಥೆ ಕೇಳೋಕೆ ಇಷ್ಟ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 5ರಿಂದ 29 ವಯಸ್ಸಿನವರನ್ನು ಜಗತ್ತಿನಲ್ಲಿ ಅತಿ ಹೆಚ್ಚು ಬಲಿ ತೆಗೆದುಕೊಳ್ಳುವುದು ರಸ್ತೆ ಅಪಘಾತ. ನಮ್ಮ ವಿದ್ಯಾರ್ಥಿಗಳ ವಯಸ್ಸೇ ಅಲ್ವಾ? ನೆಲಕ್ಕೆ ಎರಡು ಪಟ್ಟಿ ಟೇಪ್ ಅಂಟಿಸಿ ರಸ್ತೆ ಮಾಡಿ. ವಾಹನ ಬಲಗಡೆ ಓಡುವ ದೇಶ ಅಂತ ಹೇಳಿ ದಾಟಿಸಿ. ಎಡಗಡೆಯ ಓಡಾಟಕ್ಕೆ ಒಗ್ಗಿದ ಕತ್ತು ಅಭ್ಯಾಸಬಲದಿಂದ ಮೊದಲು ಬಲಕ್ಕೇ ತಿರುಗುತ್ತದೆ. ಗಾಡಿ ಬರುವುದು ಎಡದಿಂದ! ಕತ್ತು ತಾನಾಗಿ ತಿರುಗುವ ತನಕ ದಾಟಿಸುತ್ತಲೇ ಇರಿ.

ಮಾತ್ರೆಗಳ ವಿಷಯದಲ್ಲಿ ಉಡಾಫೆ ಬೇಡ. ಆಂಫೆಟಮಿನ್ ಎಂಬ ಉತ್ತೇಜಕ ಇರುವ, ಏಕಾಗ್ರತೆಯ ತೊಂದರೆಗೆ (ಎಡಿಎಚ್‌ಡಿ) ಕೊಡುವ ಅಡೆರಾಲ್‌ನಂಥ ಔಷಧಿಯನ್ನು ವೈದ್ಯರ ಚೀಟಿ ಇದ್ದರೂ ಜಪಾನಿಗೆ ಒಯ್ಯುವಂತಿಲ್ಲ. ಹೋಗುವ ದೇಶದ ನಿಯಮವನ್ನು ಅವರವರೇ ಹುಡುಕಿ ಬರಲಿ. ಮಾತ್ರೆ ಅದರ ಮೂಲ ಡಬ್ಬಿಯಲ್ಲೇ ಇರಲಿ. ಪವರ್ ಬ್ಯಾಂಕ್ ಕೈಚೀಲದಲ್ಲಿ, ಚೆಕ್-ಇನ್ ಸಾಮಾನಿನಲ್ಲಲ್ಲ.

ವಿಮೆಗೂ ನಾಟಕವೇ ಸರಿ. ಒಬ್ಬರು ಸಹಾಯವಾಣಿ, ಇನ್ನೊಬ್ಬರು ಕಾಲು ಮುರಿದುಕೊಂಡವರು. ಪಾಲಿಸಿ ನಂಬರ್, ಇರುವ ಜಾಗ, ಆಸ್ಪತ್ರೆ ಹೆಸರು, ಏನಾಯಿತು, ಇಷ್ಟನ್ನು ಒಂದು ನಿಮಿಷದಲ್ಲಿ ಹೇಳಬೇಕು. ಬಾಡಿಗೆ ಸ್ಕೂಟರ್, ಪರ್ವತಾರೋಹಣ, ಕುಡಿದಾಗ ಆದ ಗಾಯ ಇವಕ್ಕೆ ದುಡ್ಡು ಕೊಡದ ಪಾಲಿಸಿಗಳಿವೆ. ಆ ಸಣ್ಣಕ್ಷರದ ಪುಟವನ್ನು ಜೋರಾಗಿ ಓದಿಸಿ.

ಬಂಧನದ ಮಾತು ಬಂದಾಗ ಕೋಣೆ ಸದ್ದಿಲ್ಲದಾಗುತ್ತದೆ. ದೇಶಗಳ ನಡುವಿನ ಕಾನ್ಸುಲರ್ ಸಂಬಂಧಗಳ ಕುರಿತ 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯಂತೆ, ಬಂಧಿತ ವಿದೇಶಿಯು ಕೇಳಿದರೆ ಪೊಲೀಸರು ಅವರ ದೇಶದ ದೂತಾವಾಸಕ್ಕೆ ತಿಳಿಸಬೇಕು. ಕೇಳುವುದನ್ನು ಕಲಿಸಿ. ದೂತಾವಾಸದವರು ವಕೀಲರ ಪಟ್ಟಿ ಕೊಡಬಹುದು, ಬಂದು ನೋಡಬಹುದು. ಬಿಡಿಸಿಕೊಂಡು ಬರೋಕಾಗಲ್ಲ, ಅದನ್ನೂ ಹೇಳಿಬಿಡಿ.

ಪ್ರಾಧ್ಯಾಪಕರನ್ನು ಕೂರಿಸುವುದೇ ಕಷ್ಟ. 'ಇದೆಲ್ಲ ಹುಡುಗರಿಗೆ' ಅನ್ನುತ್ತಾರೆ. ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಕ್ಷೇತ್ರಕಾರ್ಯದ ನಡುವೆ ನಿಮಗೇ ಪ್ರಜ್ಞೆ ತಪ್ಪಿದರೆ ಗುಂಪಿಗೆ ಯಾರು ಮುಂದಾಳು? ಆ ಹೆಸರು ಬರೆದುಕೊಡುವ ತನಕ ಹಾಜರಿ ಇಲ್ಲ.

ಹೊರಡುವ ಹಿಂದಿನ ದಿನ ಒಬ್ಬೊಬ್ಬರಿಗೂ ಫೋನ್ ಮಾಡಿ ಚೀಟಿ ಎಲ್ಲಿದೆ ಅಂತ ಕೇಳಿ. 'ಫೋಟೋ ತೆಗೆದು ಫೋನಲ್ಲೇ ಇಟ್ಟಿದ್ದೀನಿ ಮೇಡಂ' ಅಂದವರು ನನಗೆ ಸಿಕ್ಕಿದ್ದಾರೆ.